ಮೊದಲು ಕಾಪಿ, ಆಮೇಲೆ ರಿಪೇರಿ

ನಮ್ಮ ಮನೆಗಳಲ್ಲಿ ಕಂಪ್ಯೂಟರ್ ಕೆಟ್ಟರೆ ಎರಡೇ ದಾರಿ ಎಂದು ಎಲ್ಲರೂ ತಿಳಿದಿದ್ದಾರೆ. ಒಂದು, ಅಂಗಡಿಗೆ ಕೊಡುವುದು. ಇನ್ನೊಂದು, ಬಟ್ಟೆ ಹೊದಿಸಿ ಮೂಲೆಗೆ ಸರಿಸುವುದು. ಅಂಗಡಿಗೆ ಕೊಟ್ಟರೆ ಒಳಗಿರುವ ಮದುವೆಮನೆಯ ಫೋಟೋಗಳನ್ನು, ಅದರಲ್ಲೂ ಹೆಂಗಸರಷ್ಟೇ ಇದ್ದ ಮೆಹೆಂದಿ ರಾತ್ರಿಯ ಫೋಟೋಗಳನ್ನು, ಗುರುತಿಲ್ಲದ ಹುಡುಗರು ನೋಡುತ್ತಾರೆ ಎಂಬ ಅಂಜಿಕೆ. ಮೂಲೆಗೆ ಸರಿಸಿದರೆ ಯಾರೂ ನೋಡುವುದಿಲ್ಲ, ಆದರೆ ನಾವೂ ನೋಡುವುದಿಲ್ಲ. ಮೂರನೆಯ ದಾರಿಯೊಂದಿದೆ ಎಂದು ಹೇಳುವುದಕ್ಕೇ ಈ ಲೇಖನ. ಯಂತ್ರ ಇನ್ನೂ ಕುಂಟುತ್ತಾ ನಡೆಯುತ್ತಿರುವಾಗಲೇ ಫೋಟೋಗಳನ್ನು ಮನೆಯಲ್ಲೇ ಬೇರೆ ಕಡೆಗೆ ಕಾಪಿ ಮಾಡಿಕೊಳ್ಳಬೇಕು. ಆ ಕೆಲಸವನ್ನು ಮನೆಯ ಹೆಣ್ಣುಮಕ್ಕಳು ಕಲಿಯಬೇಕು. ರಿಪೇರಿ ಆಮೇಲಿನ ಮಾತು.

ನಾನು ಕಾಮರ್ಸ್ ವಿದ್ಯಾರ್ಥಿನಿ. ಕಂಪ್ಯೂಟರ್ ಸೈನ್ಸ್ ಓದುವ ಗೆಳತಿಯರು ನಗಬಾರದು ಎಂದು ನನಗೆ ಗೊತ್ತಿರುವ ಲೆಕ್ಕದಿಂದಲೇ ಶುರು ಮಾಡುತ್ತೇನೆ. ಅಬ್ಬಾ 2013ರಲ್ಲಿ 28,000 ರೂಪಾಯಿ ಕೊಟ್ಟು ಕಂಪ್ಯೂಟರ್ ಜೋಡಿಸಿ ತಂದರು. ಆದಾಯ ತೆರಿಗೆಯ ಲೆಕ್ಕದಲ್ಲಿ ಕಂಪ್ಯೂಟರಿಗೆ ಸವಕಳಿ ದರ ಶೇಕಡ 40. ಫಸ್ಟ್ ಪಿಯುಸಿಯಲ್ಲಿ ನಾವೆಲ್ಲ ಕಲಿತ ರಿಟನ್ ಡೌನ್ ವ್ಯಾಲ್ಯೂ ವಿಧಾನದಲ್ಲಿ ವರ್ಷ ವರ್ಷ ಕಳೆಯುತ್ತಾ ಹೋಗಿ. ಐದನೆಯ ವರ್ಷದ ಕೊನೆಗೆ 2,177 ರೂಪಾಯಿ ಉಳಿಯುತ್ತದೆ. ಹನ್ನೆರಡನೆಯ ವರ್ಷದ ಕೊನೆಗೆ 61 ರೂಪಾಯಿ, ಅಂದರೆ ಒಂದು ಮಸಾಲೆ ದೋಸೆಯ ದುಡ್ಡು.

ಒಳಗಿರುವ ಫೋಟೋಗಳಿಗೆ ಮಾತ್ರ ಯಾವ ಲೆಕ್ಕದ ಪುಸ್ತಕದಲ್ಲೂ ಬೆಲೆ ಇಲ್ಲ. ಹಣ ಕೊಟ್ಟು ಕೊಳ್ಳದ ಗುಡ್‌ವಿಲ್ ಅನ್ನು ಪುಸ್ತಕಕ್ಕೆ ಬರೆಯುವಂತಿಲ್ಲ ಎಂದು ನಮಗೆ ಕಲಿಸುತ್ತಾರಲ್ಲ, ಇದೂ ಹಾಗೆಯೇ. ನಮ್ಮ ದಾದಾ 2019ರಲ್ಲಿ ತೀರಿಕೊಂಡರು. ಅವರಿಗೆ ಕ್ಯಾಮೆರಾ ಎಂದರೆ ಆಗುತ್ತಿರಲಿಲ್ಲ, ಕೈ ಅಡ್ಡ ಹಿಡಿಯುತ್ತಿದ್ದರು. ಆದರೂ ಒಂದು ಈದ್ ದಿನ ಮೊಮ್ಮಕ್ಕಳ ನಡುವೆ ಕೂತು ನಕ್ಕದ್ದು ಫೋಟೋದಲ್ಲಿ ಸಿಕ್ಕಿಬಿಟ್ಟಿದೆ. ಆ ಫೋಟೋ ಇದ್ದದ್ದು ಈ 61 ರೂಪಾಯಿಯ ಡಬ್ಬದೊಳಗೆ. ಬೇರೆಲ್ಲೂ ಇರಲಿಲ್ಲ.

ಕಳೆದ ರಮ್ಜಾನ್ ಹೊತ್ತಿಗೆ ಡಬ್ಬ ತೊಂದರೆ ಕೊಡಲು ಶುರು ಮಾಡಿತು. ಸೆಹ್ರಿ ಮುಗಿಸಿ ಆನ್ ಮಾಡಿದರೆ ಫಜ್ರ್ ನಮಾಜ್ ಆಗುವ ಹೊತ್ತಿಗೆ ಪರದೆ ಬರುತ್ತದೆ ಎಂದು ಅಬ್ಬಾ ತಮಾಷೆ ಮಾಡುತ್ತಿದ್ದರು. ಕೆಲವು ಫೋಲ್ಡರ್ ತೆರೆದರೆ ಎಲ್ಲವೂ ನಿಂತುಬಿಡುತ್ತಿತ್ತು. ಕೆಲವು ಫೋಟೋಗಳ ಮೇಲರ್ಧ ಮಾತ್ರ ಕಾಣುತ್ತಿತ್ತು, ಕೆಳಗರ್ಧ ಬೂದುಬಣ್ಣ. ನಡುನಡುವೆ ನೀಲಿ ಪರದೆ ಬಂದು ತಾನೇ ಆಫ್ ಆಗಿ ಆನ್ ಆಗುತ್ತಿತ್ತು. ಇವೆಲ್ಲ ವೈರಸ್ ಎಂದು ಎಲ್ಲರೂ ಹೇಳಿದರು. ನಮ್ಮ ಕಡೆ ಕಂಪ್ಯೂಟರಿಗೆ ಬರುವ ಎಲ್ಲ ಕಾಯಿಲೆಗೂ ವೈರಸ್ ಎಂದೇ ಹೆಸರು. ಆದರೆ ಇವು ಹಾರ್ಡ್ ಡಿಸ್ಕ್ ಹಾಳಾಗುತ್ತಿರುವುದರ ಗುರುತುಗಳೂ ಆಗಿರಬಹುದು. ಹಾರ್ಡ್ ಡಿಸ್ಕ್ ಒಳಗೆ ತಟ್ಟೆಗಳು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತಿರುತ್ತವೆ. ಅವುಗಳ ಮೇಲೆ ಓದುವ ಸಣ್ಣ ತಲೆ, ಧೂಳಿನ ಕಣಕ್ಕಿಂತಲೂ ಕಡಿಮೆ ಅಂತರದಲ್ಲಿ, ತಾಗದೆ ತೇಲುತ್ತಿರುತ್ತದೆ. ತಿರುಗುವ ಯಾವ ಯಂತ್ರವೂ ಒಂದು ದಿನ ಸವೆಯುತ್ತದೆ. ಗ್ರೈಂಡರ್ ಸವೆದರೆ ಹಿಟ್ಟು ತರಿತರಿಯಾಗುತ್ತದೆ, ಅಷ್ಟೇ. ಇದು ಸವೆದರೆ ಹನ್ನೆರಡು ವರ್ಷ ಹೋಗುತ್ತದೆ.

ಈಗ ಮನೆಯಲ್ಲಿ ಏನಾಯಿತು ಕೇಳಿ. ಎಷ್ಟೋ ಮನೆಗಳಲ್ಲಿ ಇದೇ ನಡೆಯುತ್ತದೆ ಎಂದು ನನ್ನ ಅಂದಾಜು. ಅಬ್ಬಾ ಹೇಳಿದರು, ಅಂಗಡಿಗೆ ಕೊಡೋಣ. ದಾದಿ ಹೇಳಿದರು, "ದುಕಾನ್ ಕು ನಕ್ಕೋ ದೇ ಬೇಟಾ." ಅಂಗಡಿಗೆ ಬೇಡಪ್ಪ, ಅದರಲ್ಲಿ ಆಪಾಳ ಮದುವೆಯದೆಲ್ಲ ಇದೆ. ಅಮ್ಮಿ ಹೇಳಿದರು, ಭಾಯ್ ಬರುವವರೆಗೂ ಮುಟ್ಟುವುದೇ ಬೇಡ, ಅವನಿಗೆ ಎಲ್ಲ ಗೊತ್ತು. ಭಾಯ್ ಇರುವುದು ದಮ್ಮಾಮ್‌ನಲ್ಲಿ, ರಜೆ ಸಿಗುವುದು ವರ್ಷಕ್ಕೊಮ್ಮೆ. ಮೂವರ ಮಾತೂ ಬೇರೆ ಬೇರೆಯಾಗಿ ನೋಡಿದರೆ ಸರಿಯೇ. ಮೂರೂ ಸೇರಿದರೆ ಯಾರೂ ಏನೂ ಮಾಡದೆ ಎಂಟು ತಿಂಗಳು ಹೋಗುತ್ತದೆ. ಹಾಳಾಗುತ್ತಿರುವ ಡಿಸ್ಕ್ ಭಾಯ್‌ನ ರಜೆ ನೋಡಿಕೊಂಡು ಕಾಯುವುದಿಲ್ಲ.

ದಾದಿಯ ಅಂಜಿಕೆಯನ್ನು ಹಳೆಯ ಕಾಲದ್ದು ಎಂದು ತಳ್ಳಿಹಾಕುವವರ ಜೊತೆ ನನಗೆ ಸಹಮತವಿಲ್ಲ. ಪರ್ದಾ ಪಾಲಿಸುವ ಮನೆಯ ಫೋಟೋ ಯಾರ ಕೈಗೆ ಹೋಗಬೇಕು ಎಂದು ತೀರ್ಮಾನಿಸುವ ಹಕ್ಕು ಆ ಮನೆಯವರದು. ಪರ್ದಾ ಇಲ್ಲದ ಮನೆಯವರಿಗೂ ಅದೇ ಹಕ್ಕಿದೆ. ಅಂಗಡಿಯವರೆಲ್ಲ ಕೆಟ್ಟವರು ಎಂದು ಇದರ ಅರ್ಥವಲ್ಲ. ನನ್ನ ವಾದ ಇಷ್ಟೇ: ಈ ಅಂಜಿಕೆಯಿಂದ ತಡ ಮಾಡಿದಷ್ಟೂ ನಾವು ಅಂಜುವ ಸಂಗತಿಯೇ ಹತ್ತಿರ ಬರುತ್ತದೆ. ಡಿಸ್ಕ್ ನಡೆಯುತ್ತಿದ್ದರೆ ಮನೆಯಲ್ಲೇ ಕಾಪಿ ಮಾಡಬಹುದು. ಪೂರ್ತಿ ಸತ್ತ ಮೇಲೆ ಡೇಟಾ ರಿಕವರಿ ಮಾಡುವ ಊರಿಗೆ ಕಳುಹಿಸಬೇಕು. ಅಲ್ಲಿ ಕುಳಿತವರು ಫೋಟೋ ಬಂತೋ ಇಲ್ಲವೋ ಎಂದು ತೆರೆದು ನೋಡುವುದೇ ಅವರ ಕೆಲಸ, ಅದಕ್ಕೆ ಸಾವಿರಾರು ರೂಪಾಯಿ ಕೊಡುವವರು ನಾವು.

ಖಾಲಾ ಮನೆಯಲ್ಲಿ ಇನ್ನೊಂದು ಬಗೆಯಾಯಿತು. ಅವರು ಅಂಜಲಿಲ್ಲ, ಕಂಪ್ಯೂಟರ್ ನಿಧಾನವಾಗಿದೆ ಎಂದು ನೇರ ಅಂಗಡಿಗೇ ಕೊಟ್ಟರು. ಅಂಗಡಿಯವರು ಫಾರ್ಮ್ಯಾಟ್ ಮಾಡಿ ಹೊಸ ವಿಂಡೋಸ್ ಹಾಕಿ ಸಂಜೆಗೇ ವಾಪಸ್ ಕೊಟ್ಟರು. ಕಂಪ್ಯೂಟರ್ ಹೊಸದರಂತೆ ಓಡುತ್ತಿತ್ತು. ಡೆಸ್ಕ್‌ಟಾಪ್ ಮೇಲಿದ್ದ ಫೋಟೋಗಳ ಫೋಲ್ಡರ್ ಇರಲಿಲ್ಲ. ಮುಂಚೆ ಡೇಟಾ ಬೇಕೇ ಎಂದು ಅಂಗಡಿಯವರು ಕೇಳಿದ್ದರಂತೆ, ಖಾಲು ವಿಂಡೋಸ್ ಹಾಕಿ ಸಾಕು ಎಂದಿದ್ದರಂತೆ. ಡೇಟಾ ಎಂದರೆ ಮೊಬೈಲಿನ ಇಂಟರ್‌ನೆಟ್ ಎಂದು ತಿಳಿದವರಿಗೆ ಆ ಪ್ರಶ್ನೆಯ ಅರ್ಥ ಹೇಗೆ ಗೊತ್ತಾಗಬೇಕು?

ಈ ಕಥೆ ಕೇಳಿದವರು ಒಂದು ಬುದ್ಧಿಮಾತು ಹೇಳುತ್ತಾರೆ: ಫೋಟೋಗಳನ್ನು ಡಿ ಡ್ರೈವ್‌ನಲ್ಲಿ ಇಡಬೇಕು, ಫಾರ್ಮ್ಯಾಟ್ ಆಗುವುದು ಸಿ ಡ್ರೈವ್ ಮಾತ್ರ. ಅರ್ಧ ನಿಜ. ಸಿ, ಡಿ, ಇ ಎಂದು ಕಾಣುವುದು ಸಾಮಾನ್ಯವಾಗಿ ಒಂದೇ ಡಿಸ್ಕ್‌ನ ಭಾಗಗಳು, ಒಂದೇ ಚಾವಣಿಯ ಕೆಳಗಿನ ಮೂರು ಕೋಣೆಗಳು. ವಿಂಡೋಸ್ ಬದಲಿಸುವಾಗ ಒಂದು ಕೋಣೆಗೆ ಮಾತ್ರ ಸುಣ್ಣ ಬಳಿಯುತ್ತಾರೆ, ಸರಿ. ಚಾವಣಿ ಕುಸಿದರೆ ಮೂರೂ ಒಟ್ಟಿಗೇ ಹೋಗುತ್ತವೆ. ಇದೇ ರೀತಿ ಕಟ್ ಮಾಡಿ ಪೆನ್‌ಡ್ರೈವ್‌ಗೆ ಪೇಸ್ಟ್ ಮಾಡಿ ಬ್ಯಾಕಪ್ ಆಯಿತು ಎನ್ನುವವರಿದ್ದಾರೆ. ಅದು ಜಾಗ ಬದಲಾವಣೆ. ಒಂದೇ ಫೋಟೋ ಎರಡು ಬೇರೆ ಬೇರೆ ವಸ್ತುಗಳ ಮೇಲೆ ಇದ್ದರೆ ಮಾತ್ರ ಬ್ಯಾಕಪ್.

ನಾನು ಮಾಡಿದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾರಿಗಾದರೂ ಉಪಯೋಗಕ್ಕೆ ಬರಲಿ. ಮೊದಲನೆಯದಾಗಿ, ಆ ಕಂಪ್ಯೂಟರನ್ನು ಸರಿಪಡಿಸುವ ಗೋಜಿಗೇ ಹೋಗಲಿಲ್ಲ. ಡಿಸ್ಕ್ ಚೆಕ್, ಡಿಫ್ರಾಗ್, ಆಂಟಿವೈರಸ್ ಪೂರ್ತಿ ಸ್ಕ್ಯಾನ್ ಇವೆಲ್ಲ ಡಿಸ್ಕನ್ನು ಮೂಲೆ ಮೂಲೆ ಓದಿಸುತ್ತವೆ, ಕೆಲವು ಅದರ ಮೇಲೆ ಬರೆಯುತ್ತವೆ ಕೂಡ. ಸುಸ್ತಾದ ಎತ್ತನ್ನು ಗದ್ದೆ ಸುತ್ತಿಸಿದ ಹಾಗೆ. ಉಳಿದಿರುವ ಶಕ್ತಿಯೆಲ್ಲ ಫೋಟೋ ಹೊರಗೆ ತರಲು ಖರ್ಚಾಗಬೇಕು.

ಎರಡನೆಯದು, ದಾದಿ ಮತ್ತು ಅಮ್ಮಿಯನ್ನು ಕೂರಿಸಿಕೊಂಡು ಕಾಗದದ ಮೇಲೆ ಪಟ್ಟಿ ಬರೆದೆ. ಯಾವುದು ಹೋದರೆ ಮತ್ತೆ ಎಲ್ಲೂ ಸಿಗುವುದಿಲ್ಲವೋ ಅದು ಮೇಲೆ. ದಾದಾ ಇರುವ ಫೋಟೋಗಳು, ಆಪಾಳ ನಿಕಾಹ್, ಹಳೆಯ ಮನೆ ಕೆಡವುವ ಮುಂಚೆ ತೆಗೆದವು, ಮನೆಪತ್ರ ಮತ್ತು ಮಾರ್ಕ್ಸ್ ಕಾರ್ಡುಗಳ ಸ್ಕ್ಯಾನ್. ಸಿನಿಮಾ, ಹಾಡು, ಭಾಯ್‌ನ ಗೇಮ್ಸ್ ಪಟ್ಟಿಯಲ್ಲೇ ಇಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಎಲ್ಲವನ್ನೂ ಆರಿಸಿ ಒಂದೇ ಸಲ ಕಾಪಿಗೆ ಹಾಕಿದರೆ ಕಂಪ್ಯೂಟರಿಗೆ ಯಾವುದು ಮುಖ್ಯ ಎಂದು ಗೊತ್ತಿರುವುದಿಲ್ಲ. ಅದು ಗೇಮ್ಸ್ ಕಾಪಿ ಮಾಡುತ್ತಿರುವಾಗಲೇ ಡಿಸ್ಕ್ ಕೊನೆಯುಸಿರೆಳೆದರೆ? ಈ ಪಟ್ಟಿ ಮಾಡಲು ಕಂಪ್ಯೂಟರ್ ಜ್ಞಾನ ಬೇಕಿಲ್ಲ. ನಮ್ಮ ಮನೆಯಲ್ಲಿ ಅದನ್ನು ಅತಿ ಚೆನ್ನಾಗಿ ಮಾಡಿದವರು ಮೌಸ್ ಹಿಡಿಯಲು ಬಾರದ ದಾದಿ.

ಮೂರನೆಯದು, ಡಬ್ಬದ ಪಕ್ಕದ ಸ್ಕ್ರೂ ಬಿಚ್ಚಿ ಹಾರ್ಡ್ ಡಿಸ್ಕ್ ಹೊರಗೆ ತೆಗೆದೆ. ನಾಲ್ಕು ಸ್ಕ್ರೂ, ಎರಡು ವೈರು, ಅಷ್ಟೇ. ಅದನ್ನು ಯುಎಸ್‌ಬಿಗೆ ಜೋಡಿಸುವ ಕೇಬಲ್ ಸಿಗುತ್ತದೆ. ದೊಡ್ಡ ಡಿಸ್ಕ್‌ಗೆ ಪ್ರತ್ಯೇಕ ಕರೆಂಟ್ ಅಡಾಪ್ಟರ್ ಇರುವ ಕೇಬಲ್ಲೇ ಬೇಕು, ಲ್ಯಾಪ್‌ಟಾಪ್‌ನ ಸಣ್ಣ ಡಿಸ್ಕ್‌ಗೆ ಅಡಾಪ್ಟರ್ ಬೇಡ. ನಾನು ಕೊಟ್ಟದ್ದು ಸುಮಾರು ಸಾವಿರ ರೂಪಾಯಿ. ಹೊಸ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ಗೆ ಐದು ಸಾವಿರದ ಆಸುಪಾಸು ಬಿತ್ತು, ಅದು ಅಬ್ಬಾ ಕೊಟ್ಟರು. ಆಪಾಳ ಲ್ಯಾಪ್‌ಟಾಪ್‌ಗೆ ಎರಡನ್ನೂ ಸಿಕ್ಕಿಸಿ, ಪಟ್ಟಿಯ ಕ್ರಮದಲ್ಲಿ ಒಂದೊಂದೇ ಫೋಲ್ಡರ್ ಕಾಪಿ ಮಾಡುತ್ತಾ ಹೋದೆ. ಒಟ್ಟು 94 ಜಿಬಿ. ಆರೋಗ್ಯವಾದ ಡಿಸ್ಕ್ ಆಗಿದ್ದರೆ ಸೆಕೆಂಡಿಗೆ 30 ಎಂಬಿ ಲೆಕ್ಕ ಹಿಡಿದರೂ ಒಂದು ಗಂಟೆಯೊಳಗೆ ಮುಗಿಯುತ್ತಿತ್ತು. ನಮ್ಮದಕ್ಕೆ ಎರಡು ರಾತ್ರಿ ಹಿಡಿಯಿತು. ನಿಂತಾಗ ಬಲವಂತ ಮಾಡದೆ ಆ ಫೈಲನ್ನು ಬಿಟ್ಟು ಮುಂದಿನದಕ್ಕೆ ಹೋಗಬೇಕು, ಬಿಟ್ಟದ್ದರ ಹೆಸರು ಬರೆದಿಟ್ಟುಕೊಂಡು ಕೊನೆಗೆ ಮತ್ತೆ ಪ್ರಯತ್ನಿಸಬೇಕು. ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಇದೇ ಕ್ರಮದಲ್ಲಿ ಕೆಲಸ ಮಾಡುತ್ತದೆ: ಸುಲಭವಾಗಿ ಓದಲು ಬರುವುದನ್ನು ಮೊದಲು ತಂದು, ಕೆಟ್ಟ ಜಾಗಗಳಿಗೆ ಆಮೇಲೆ ಮರಳುತ್ತದೆ. ಅದಕ್ಕೆ ಲಿನಕ್ಸ್ ಗೊತ್ತಿರುವವರ ಸಹಾಯ ಬೇಕು.

37 ಫೈಲುಗಳು ಬರಲೇ ಇಲ್ಲ. ಅವುಗಳಲ್ಲಿ ಕೆಲವು ಸಂಬಂಧಿಕರ ಫೋನಿನ ವಾಟ್ಸಾಪ್‌ನಲ್ಲಿ ಸಿಕ್ಕವು, ಆದರೆ ಚಿಕ್ಕದಾಗಿ. ವಾಟ್ಸಾಪ್‌ನಲ್ಲಿ ಫೋಟೋವನ್ನು ಫೋಟೋ ಆಗಿಯೇ ಕಳುಹಿಸಿದರೆ ಅದು ಕುಗ್ಗುತ್ತದೆ, ಒಳಗೆ ಬರೆದಿರುವ ತೆಗೆದ ದಿನಾಂಕವೂ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಇದ್ದ ಹಾಗೆ ಹೋಗುತ್ತದೆ. ದಾದಾ ನಕ್ಕ ಫೋಟೋ ಬಂತು. ಪಟ್ಟಿಯಲ್ಲಿ ಅದು ಮೊದಲನೆಯದಾಗಿತ್ತು.

ಡಿಸ್ಕ್ ಒಳಗಿಂದ ಟಕ್ ಟಕ್ ಎಂದು ಒಂದೇ ಲಯದಲ್ಲಿ ಸದ್ದು ಬರುತ್ತಿದ್ದರೆ ಮಾತ್ರ ನಾನು ಹೇಳಿದ್ದನ್ನು ಮಾಡಬೇಡಿ. ತಕ್ಷಣ ಆಫ್ ಮಾಡಿ, ಅಷ್ಟಕ್ಕೇ ಬಿಡಿ. ಆ ಸ್ಥಿತಿಯಲ್ಲಿ ಪ್ರತಿ ಸಲ ಆನ್ ಮಾಡಿದಾಗಲೂ ತಟ್ಟೆಗಳ ಮೇಲೆ ಗೀರು ಬೀಳಬಹುದು, ಅದು ಪರಿಣತರ ಕೆಲಸ. ಪ್ಲಾಸ್ಟಿಕ್‌ನಲ್ಲಿ ಸುತ್ತಿ ಫ್ರೀಜರ್‌ನಲ್ಲಿಟ್ಟರೆ ಸರಿಹೋಗುತ್ತದೆ ಎಂದು ಹೇಳುವವರಿದ್ದಾರೆ. ಒಳಗೆ ತೇವ ಕಟ್ಟಿ ಇದ್ದದ್ದೂ ಹೋಗುತ್ತದೆ, ಫ್ರೀಜರ್‌ನಲ್ಲಿ ಕೀಮಾ ಇರಲಿ.

ಕಾಪಿ ಮುಗಿದ ಮೇಲೆ ತಾಳೆ ನೋಡಬೇಕು. ಎರಡೂ ಕಡೆ ಫೈಲುಗಳ ಸಂಖ್ಯೆ ಎಷ್ಟು, ಗಾತ್ರ ಎಷ್ಟು ಎಂದು ನೋಡುವುದು ನಮ್ಮ ಟ್ರಯಲ್ ಬ್ಯಾಲೆನ್ಸ್ ಇದ್ದ ಹಾಗೆ. ಟ್ರಯಲ್ ಬ್ಯಾಲೆನ್ಸ್ ತಾಳೆಯಾದ ಮಾತ್ರಕ್ಕೆ ಲೆಕ್ಕದಲ್ಲಿ ತಪ್ಪಿಲ್ಲ ಎಂದು ಅರ್ಥವಲ್ಲ ಎಂಬುದನ್ನು ಕಾಮರ್ಸ್‌ನವರಿಗೆ ನಾನು ಹೇಳಬೇಕಿಲ್ಲ. ಅದಕ್ಕೇ ಪ್ರತಿ ಫೋಲ್ಡರ್‌ನಿಂದ ಐದಾರು ಫೋಟೋ ತೆರೆದು ಪೂರ್ತಿ ಕಾಣುತ್ತದೆಯೇ ಎಂದು ನೋಡಬೇಕು. ದಾದಿ ಈ ಕೆಲಸಕ್ಕೆ ಕೂತವರು ಮಧ್ಯಾಹ್ನದ ಊಟ ಮರೆತರು.

ಇಷ್ಟೆಲ್ಲ ಯಾಕೆ, ಗೂಗಲ್ ಫೋಟೋಸ್‌ಗೆ ಹಾಕಿದರೆ ಆಯಿತಲ್ಲ ಎಂದು ತರಗತಿಯಲ್ಲಿ ಕೇಳಿದವರಿಗೆ ನನ್ನ ಉತ್ತರ: ಹಾಕಿ, ಆದರೆ ಅದೊಂದನ್ನೇ ನಂಬಬೇಡಿ. ಮಿತಿಯಿಲ್ಲದೆ ಉಚಿತವಾಗಿ ಇಡುವ ಸೌಲಭ್ಯ 2021ರ ಜೂನ್ 1ಕ್ಕೆ ನಿಂತುಹೋಯಿತು. ಈಗ ಜಿಮೇಲ್, ಡ್ರೈವ್, ಫೋಟೋ ಎಲ್ಲ ಸೇರಿ ಉಚಿತ ಜಾಗ 15 ಜಿಬಿ. ನಮ್ಮ 94 ಜಿಬಿ ಅಲ್ಲಿ ಹಿಡಿಯುವುದಿಲ್ಲ, ತಿಂಗಳು ತಿಂಗಳು ದುಡ್ಡು ಕಟ್ಟಬೇಕು. ಫೋನಿನಲ್ಲಿ ಜಾಗ ಮಾಡಲು ಆ ಆ್ಯಪ್‌ನಲ್ಲೇ ಅಳಿಸಿದರೆ ಅಲ್ಲಿಂದಲೂ ಅಳಿಸುತ್ತದೆ, 60 ದಿನ ಕಸದ ಬುಟ್ಟಿಯಲ್ಲಿದ್ದು ಕಾಯಂ ಹೋಗುತ್ತದೆ. ಎರಡು ವರ್ಷ ಬಳಸದ ಖಾತೆಯನ್ನು ಅದರೊಳಗಿನದರ ಸಮೇತ ಅಳಿಸಬಹುದು ಎಂಬ ನಿಯಮವೂ ಇದೆ. ತೀರಿಕೊಂಡವರ ಫೋನಿನ ಖಾತೆ ಯಾರು ತೆರೆಯುತ್ತಾರೆ? ಪಾಸ್‌ವರ್ಡ್ ಯಾರಿಗೆ ಗೊತ್ತು?

ಹಾಗಾದರೆ ಎಷ್ಟು ಕಡೆ ಇಡಬೇಕು? ಪೀಟರ್ ಕ್ರೋಗ್ ಎಂಬ ಅಮೆರಿಕದ ಛಾಯಾಗ್ರಾಹಕರು ಪ್ರಚಾರಕ್ಕೆ ತಂದ 3-2-1 ಎಂಬ ಸೂತ್ರವಿದೆ. ಮೂರು ಪ್ರತಿ, ಎರಡು ಬಗೆಯ ವಸ್ತುಗಳ ಮೇಲೆ, ಅದರಲ್ಲಿ ಒಂದು ಮನೆಯಿಂದ ಹೊರಗೆ. ಮನೆಯಿಂದ ಹೊರಗೆ ಎಂಬ ಮಾತು ಯಾಕೆ ಮುಖ್ಯ ಎಂಬುದಕ್ಕೆ ಒಂದು ಉದಾಹರಣೆ. 1998ರಲ್ಲಿ ಪಿಕ್ಸಾರ್ ಕಂಪನಿ ಟಾಯ್ ಸ್ಟೋರಿ 2 ಸಿನಿಮಾ ಮಾಡುತ್ತಿದ್ದಾಗ ಯಾರೋ ಕೊಟ್ಟ ತಪ್ಪು ಆದೇಶದಿಂದ ಸಿನಿಮಾದ ಹೆಚ್ಚಿನ ಫೈಲುಗಳು ಅಳಿಸಿಹೋದವು. ಬ್ಯಾಕಪ್ ನೋಡಿದರೆ ಅದು ಸರಿಯಾಗಿ ಆಗುತ್ತಿರಲೇ ಇಲ್ಲ. ಕೊನೆಗೆ ಉಳಿಸಿದ್ದು ಗ್ಯಾಲಿನ್ ಸಸ್ಮನ್ ಎಂಬ ಮಹಿಳೆಯ ಮನೆಯ ಕಂಪ್ಯೂಟರ್. ಹೆರಿಗೆಯ ನಂತರ ಮನೆಯಿಂದಲೇ ಕೆಲಸ ಮಾಡಲು ಅವರು ಒಂದು ಪ್ರತಿ ಇಟ್ಟುಕೊಂಡಿದ್ದರು. ಆ ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ ಕಾರಿನಲ್ಲಿಟ್ಟುಕೊಂಡು ಆಫೀಸಿಗೆ ತಂದರಂತೆ. ಅಷ್ಟು ದೊಡ್ಡ ಕಂಪನಿಯ ಸಿನಿಮಾ ಬಾಣಂತಿಯ ಮನೆಯಲ್ಲಿ ಉಳಿದಿತ್ತು ಎಂಬುದು ನನಗೆ ತುಂಬಾ ಇಷ್ಟವಾದ ಸಂಗತಿ.

ನಮ್ಮ ಮನೆಯ ಎರಡನೆಯ ಪ್ರತಿ ಈಗ ಆಪಾಳ ಗಂಡನ ಮನೆಯಲ್ಲಿದೆ. ಹೊರಗೆ ಹೋಗುವ ಡಿಸ್ಕ್ ಆದ್ದರಿಂದ ವೆರಾಕ್ರಿಪ್ಟ್ ಎಂಬ ಉಚಿತ ತಂತ್ರಾಂಶದಿಂದ ಬೀಗ ಹಾಕಿದ್ದೇವೆ, ಪಾಸ್‌ವರ್ಡ್ ಇಲ್ಲದೆ ತೆರೆಯುವುದಿಲ್ಲ. ಪಾಸ್‌ವರ್ಡ್ ಮರೆತರೆ ನಮಗೂ ತೆರೆಯುವುದಿಲ್ಲ, ಹಾಗಾಗಿ ಅದು ಕಾಗದದ ಮೇಲೆ ದಾದಿಯ ಅಲ್ಮೇರಾದಲ್ಲಿದೆ. ಮೂರನೆಯ ಪ್ರತಿ ಎಂದು ನಲವತ್ತು ಫೋಟೋ ಆರಿಸಿ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿದೆವು. ಹೊರಗಿನವರು ನೋಡಬಾರದ್ದು ಅದರಲ್ಲಿ ಇಲ್ಲ. ನಲವತ್ತು ಫೋಟೋ 3-2-1 ಸೂತ್ರಕ್ಕೆ ಸಾಲುವುದಿಲ್ಲ ಎಂದು ಬಲ್ಲವರು ಹೇಳಬಹುದು. ಆದರೆ ಕರೆಂಟು, ಪಾಸ್‌ವರ್ಡು, ಮೊಮ್ಮಗಳು ಯಾವುದೂ ಇಲ್ಲದೆ ದಾದಿ ತಾವೇ ತೆರೆದು ನೋಡಬಹುದಾದ ಪ್ರತಿ ಅದೊಂದೇ.

ಹಾರ್ಡ್ ಡಿಸ್ಕ್ ಹೊರಗೆ ಬಂದ ಮೇಲೆ ಉಳಿದ ಡಬ್ಬವನ್ನು ಅಬ್ಬಾ ನಿಶ್ಚಿಂತೆಯಿಂದ ಅಂಗಡಿಗೆ ಕೊಟ್ಟರು, ದಾದಿಯೂ ಬೇಡ ಎನ್ನಲಿಲ್ಲ. ಪವರ್ ಸಪ್ಲೈ, ರ‍್ಯಾಮ್, ಮಾನಿಟರ್ ರಿಪೇರಿಗೆ ನಮ್ಮ ಡಿಸ್ಕ್ ಅಂಗಡಿಗೆ ಹೋಗಬೇಕಾದ ಅಗತ್ಯವೇ ಇಲ್ಲ. ಗುಜರಿಗೆ ಹಾಕುವಾಗಲೂ ಇದು ನೆನಪಿರಲಿ. ನಮ್ಮ ಚಾಚಾ ಗುಜರಿ ವ್ಯಾಪಾರದವರು. ಜನ ಹಳೆಯ ಕಂಪ್ಯೂಟರ್‌ಗಳನ್ನು ಡಿಸ್ಕ್ ಸಮೇತ ತೂಕಕ್ಕೆ ಹಾಕಿ ಹೋಗುತ್ತಾರೆ ಎನ್ನುತ್ತಾರೆ. ಡಿಲೀಟ್ ಮಾಡಿದ್ದೇವೆ, ಫಾರ್ಮ್ಯಾಟ್ ಮಾಡಿದ್ದೇವೆ ಎಂದರೆ ಸಾಲದು. ಬೇಗ ಮುಗಿಯುವ ಫಾರ್ಮ್ಯಾಟ್‌ನಲ್ಲಿ ಹೆಸರುಗಳ ಪಟ್ಟಿ ಮಾತ್ರ ಹೋಗುತ್ತದೆ, ಫೋಟೋಗಳು ಅಲ್ಲೇ ಇರುತ್ತವೆ, ಫೋಟೋರೆಕ್‌ನಂಥ ಉಚಿತ ತಂತ್ರಾಂಶದಿಂದ ಹೊರಗೆ ಬರುತ್ತವೆ. ಅಂಗಡಿಯ ಹುಡುಗರಿಗೆ ಅಂಜಿದ ಮನೆಗಳೇ ಗುಜರಿಗೆ ಅಂಜದೆ ಕೊಡುತ್ತಿವೆ. ಚಾಚಾ ತಮಗೆ ಬಂದ ಡಿಸ್ಕ್‌ಗಳಿಗೆ ಡ್ರಿಲ್‌ನಿಂದ ತೂತು ಹೊಡೆಸುತ್ತಾರೆ. ಎಲ್ಲರೂ ಹಾಗೆ ಮಾಡುತ್ತಾರೆಂದು ನಂಬಿ ಕೂರುವ ಬದಲು ನಾವೇ ಹೊಡೆಸಿ ಕೊಡಬಹುದು.

ಕೊನೆಗೆ ನಮ್ಮ ಕಾಲೇಜಿನ ವಿಷಯ. ಪ್ರಾಂಶುಪಾಲರಿಗೆ ಮತ್ತು ಕಂಪ್ಯೂಟರ್ ಉಪನ್ಯಾಸಕರಿಗೆ ಎರಡು ಮನವಿ. ಒಂದು, ವಾರ್ಷಿಕೋತ್ಸವ, ಕ್ರೀಡಾಕೂಟದ ಫೋಟೋಗಳು ಯಾರದೋ ಫೋನಿನಲ್ಲಿ, ಯಾವುದೋ ವಾಟ್ಸಾಪ್ ಗುಂಪಿನಲ್ಲಿ ಉಳಿಯುವ ಬದಲು ವರ್ಷಕ್ಕೊಂದು ಫೋಲ್ಡರ್ ಆಗಿ ಎರಡು ಡಿಸ್ಕ್‌ಗಳಿಗೆ ಹೋಗಲಿ, ಒಂದು ಕಚೇರಿಯಲ್ಲಿ, ಒಂದು ಲೈಬ್ರರಿಯಲ್ಲಿ ಇರಲಿ. ಎರಡು, ಒಂದು ಶನಿವಾರ ಮಧ್ಯಾಹ್ನ ತರಗತಿ ಮುಗಿದ ಮೇಲೆ ಲ್ಯಾಬ್ ತೆರೆದಿಡಲಿ. ಯಾರ ಮನೆಯ ಡಿಸ್ಕನ್ನೂ ಅಲ್ಲಿಗೆ ತರುವುದು ಬೇಡ. ಲ್ಯಾಬಿನ ಮೂಲೆಯಲ್ಲಿ ಬಿದ್ದಿರುವ ಹಳೆಯ ಕಂಪ್ಯೂಟರಿನಲ್ಲೇ ಡಿಸ್ಕ್ ಬಿಚ್ಚುವುದು, ಕೇಬಲ್ ಸಿಕ್ಕಿಸುವುದು, ಕಾಪಿ ಮಾಡಿ ತಾಳೆ ನೋಡುವುದು ಕಲಿತರೆ ಸಾಕು, ಮನೆಗೆ ಹೋಗಿ ನಾವೇ ಮಾಡಿಕೊಳ್ಳುತ್ತೇವೆ. ಹುಡುಗಿಯರ ಬ್ಯಾಚ್ ಬೇರೆ ಮಾಡಿದರೆ ಹೆಚ್ಚು ಜನ ಬರುತ್ತಾರೆ ಎಂದು ನನ್ನ ಅನಿಸಿಕೆ. ನನ್ನ ಕೇಬಲ್ ಮತ್ತು ಸ್ಕ್ರೂಡ್ರೈವರ್ ತರಲು ನಾನು ಸಿದ್ಧ. ಪ್ರಿಪರೇಟರಿ ಪರೀಕ್ಷೆಗೆ ಮುಂಚೆ ದಿನ ಗೊತ್ತು ಮಾಡಿದರೆ ಸೆಕೆಂಡ್ ಪಿಯುಸಿಯವರಿಗೂ ಅನುಕೂಲ.